ಸಿಗ್ನಲ್ ಫುಲ್ ಇದೆ, ನೆಟ್ ಏಕಿಲ್ಲ?

ಪ್ರಶ್ನೆ: ನಮ್ಮದು ಮೂರು ಮಹಡಿಯ ಸಣ್ಣ ಲಾಡ್ಜ್. ಮನೆಯ ರೌಟರ್ ಸಾಲದೆಂದು ಮಹಡಿಗೊಂದರಂತೆ ಬಿಸಿನೆಸ್ ಆಕ್ಸೆಸ್ ಪಾಯಿಂಟ್ ಹಾಕಿಸಿ, ಪವರ್ ಪೂರ್ತಿ ಏರಿಸಿದ್ದೇವೆ. ಮೂಲೆಯ ಕೋಣೆಯಲ್ಲೂ ಸಿಗ್ನಲ್ ಫುಲ್ ತೋರಿಸುತ್ತದೆ, ಆದರೆ ವಿಡಿಯೊ ಓಡುವುದಿಲ್ಲ. ಸೆಟ್ಟಿಂಗ್ಸ್ ಪುಟದಲ್ಲಿ ಅಷ್ಟೊಂದು ಆಯ್ಕೆಗಳಿವೆಯಲ್ಲ, ಅವೆಲ್ಲ ಯಾತಕ್ಕೆ?
— ಒಬ್ಬ ಓದುಗರು, ಚಿಕ್ಕಮಗಳೂರು

ಉತ್ತರ: ಮೊದಲು ಪವರ್ ಇಳಿಸಿ. ಮದುವೆ ಛತ್ರದಲ್ಲಿ ಮೈಕ್ ಹಿಡಿದವರ ಮಾತು ಕೊನೆಯ ಸಾಲಿಗೂ ಕೇಳುತ್ತದೆ. ಆ ಸಾಲಿನವರು ಬರಿಬಾಯಲ್ಲಿ ಕೊಟ್ಟ ಉತ್ತರ ವೇದಿಕೆಗೆ ಮುಟ್ಟುವುದಿಲ್ಲ. ನಿಮ್ಮ ಮೂಲೆಯ ಕೋಣೆಯ ಕಥೆಯೂ ಇದೇ. ಮೊಬೈಲಿನ ಕಡ್ಡಿಗಳು ಆಕ್ಸೆಸ್ ಪಾಯಿಂಟಿನ ದನಿಯನ್ನಷ್ಟೇ ಅಳೆಯುತ್ತವೆ, ಮೊಬೈಲಿನ ದನಿ ಅಲ್ಲಿಗೆ ತಲುಪಿತೇ ಎಂಬುದನ್ನು ಹೇಳುವುದಿಲ್ಲ. ಮೂರೂ ಮಹಡಿಯವು ಗಂಟಲು ಹರಿಯುವಂತೆ ಕೂಗುತ್ತಿದ್ದರೆ ಇನ್ನೊಂದು ತೊಂದರೆ: ಮೇಲಕ್ಕೆ ಹತ್ತಿ ಹೋದ ಅತಿಥಿಯ ಮೊಬೈಲ್ ಕೆಳಗಿನದನ್ನೇ ಹಿಡಿದುಕೊಂಡಿರುತ್ತದೆ. 20 ಡಿಬಿಎಂ ಎಂದರೆ 100 ಮಿಲಿವಾಟ್, 17 ಎಂದರೆ 50. ಮೂರು ಇಳಿಸಿದರೆ ಅರ್ಧ. ಹಾಗೆ ಹಂತ ಹಂತವಾಗಿ ಇಳಿಸುತ್ತ ನೋಡಿ.

ಚಾನೆಲ್ ವಿಷಯ ಬೇಗ ಮುಗಿಯುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ನಮ್ಮಲ್ಲಿ 13 ಚಾನೆಲ್ ಕಾಣುತ್ತವೆ, ಆದರೆ ಅಕ್ಕಪಕ್ಕದವು ಒಂದರ ಮೇಲೊಂದು ಹಾಯುತ್ತವೆ. 1, 6, 11 ಬೇರೆ ಬೇರೆ ನಿಲ್ಲುತ್ತವೆ, ಮಹಡಿಗೊಂದು ಕೊಡಿ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ. 2018ರಲ್ಲಿ ಭಾರತ ಅಲ್ಲಿ 605 ಮೆಗಾಹರ್ಟ್ಸ್ ಅನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. ದೇಶದ ಆಯ್ಕೆಯಲ್ಲಿ ಭಾರತ ಎಂದೇ ಇರಲಿ.

ಹೆಚ್ಚಿನವರು ಮುಟ್ಟದೆ ಬಿಡುವ ಒಂದು ಆಯ್ಕೆ ಇದೆ: ಕನಿಷ್ಠ ಡೇಟಾ ರೇಟ್. ನನ್ನ ಮಟ್ಟಿಗೆ ಆ ಪುಟದ ಅತ್ಯಂತ ಉಪಕಾರಿ ಸಾಲು ಅದು. ಒಂದು ಚಾನೆಲ್‌ನಲ್ಲಿ ಬಹುಮಟ್ಟಿಗೆ ಒಂದು ಹೊತ್ತಿಗೆ ಒಬ್ಬರದೇ ಸರದಿ. 1500 ಬೈಟಿನ ಒಂದು ಪ್ಯಾಕೆಟ್ 54 ಎಂಬಿಪಿಎಸ್‌ನಲ್ಲಿ ಸುಮಾರು ಕಾಲು ಮಿಲಿಸೆಕೆಂಡಿನಲ್ಲಿ ದಾಟುತ್ತದೆ, 1 ಎಂಬಿಪಿಎಸ್‌ನಲ್ಲಿ 12 ಮಿಲಿಸೆಕೆಂಡ್ ಬೇಕು. ದೂರದಲ್ಲಿ ತೆವಳುತ್ತಿರುವ ಒಂದು ಮೊಬೈಲ್ ಇಡೀ ಮಹಡಿಯನ್ನು ಕಾಯಿಸುವುದು ಹೀಗೆ. ಕನಿಷ್ಠವನ್ನು 12 ಎಂಬಿಪಿಎಸ್‌ಗೆ ಇಟ್ಟರೆ ಅಂಥ ಮೊಬೈಲ್ ಕೈಬಿಟ್ಟು ಹತ್ತಿರದ್ದನ್ನು ಹುಡುಕಿಕೊಳ್ಳುತ್ತದೆ. ನೆಟ್‌ವರ್ಕ್ ಹೆಸರುಗಳೂ ಮಿತವಾಗಿರಲಿ. ಪ್ರತಿ ಹೆಸರನ್ನೂ ಆಕ್ಸೆಸ್ ಪಾಯಿಂಟ್ ಸೆಕೆಂಡಿಗೆ ಹತ್ತು ಸಲ, ಅದೂ ನಿಧಾನದ ವೇಗದಲ್ಲಿ, ಸಾರುತ್ತಿರುತ್ತದೆ. ಮೂರು ಹೆಸರು ಸಾಕು.

ಯಾವ ಮೂರು? ಅತಿಥಿಗಳಿಗೆ, ಕಚೇರಿಗೆ, ಕ್ಯಾಮೆರಾಗಳಿಗೆ. ಇಲ್ಲಿ ದಯವಿಟ್ಟು ಅಸಡ್ಡೆ ಮಾಡಬೇಡಿ. ಹಿಂದೊಮ್ಮೆ ನಾನು ಉಳಿದಿದ್ದ ಲಾಡ್ಜಿನಲ್ಲಿ ಟಿಕೆಟ್ ಪ್ರಿಂಟ್ ಮಾಡೋಣವೆಂದು ಮೊಬೈಲ್ ತೆಗೆದರೆ, ಕೌಂಟರಿನ ಬಿಲ್ಲಿಂಗ್ ಪ್ರಿಂಟರ್ ಹೆಸರು ಸಮೇತ ಕಾಣಿಸಿತು. ಅದರ ಕೆಳಗೇ ಬಿಲ್ಲಿಂಗ್ ಕಂಪ್ಯೂಟರಿನ ಹಂಚಿಕೆಯ ಫೋಲ್ಡರ್. ನಾನು ಒತ್ತಲಿಲ್ಲ, ಎಲ್ಲರೂ ಹಾಗೆಯೇ ಸುಮ್ಮನಿರುತ್ತಾರೆ ಎನ್ನಲಾಗದು. ಅತಿಥಿಗಳ ಆಧಾರ್ ನಕಲು ಕೂಡ ಅಂಥ ಫೋಲ್ಡರಿನಲ್ಲೇ ತಾನೆ ಇರುವುದು?

ಇದನ್ನು ತಡೆಯುವುದು ವಿಲ್ಯಾನ್. ಒಂದೇ ತಂತಿಯಲ್ಲಿ ಹರಿಯುವ ಡೇಟಾಕ್ಕೆ ಬೇರೆ ಬೇರೆ ಸಂಖ್ಯೆಯ ಚೀಟಿ ಅಂಟಿಸುವ ವ್ಯವಸ್ಥೆ ಅದು. 1ರಿಂದ 4094ರವರೆಗೆ ಸಂಖ್ಯೆ ಕೊಡಬಹುದು. ಕಚೇರಿಗೆ 10, ಅತಿಥಿಗಳಿಗೆ 20, ಕ್ಯಾಮೆರಾಕ್ಕೆ 30 ಎಂದಿಡಿ. ಆಕ್ಸೆಸ್ ಪಾಯಿಂಟಿನಲ್ಲಿ ಹಾಕಿದರಷ್ಟೇ ಆಗದು, ಸ್ವಿಚ್ಚಿನಲ್ಲೂ ಅದೇ ಸಂಖ್ಯೆಗಳಿರಬೇಕು, 20ರಿಂದ 10ಕ್ಕೆ ದಾರಿ ಇಲ್ಲವೆಂದು ಫೈರ್‌ವಾಲ್‌ನಲ್ಲಿ ಬರೆಸಬೇಕು. ಅತಿಥಿಗಳ ಹೆಸರಿಗೆ ಕ್ಲೈಂಟ್ ಐಸೊಲೇಶನ್ ಆನ್ ಮಾಡಿದರೆ ಒಂದು ಕೋಣೆಯ ಲ್ಯಾಪ್‌ಟಾಪ್ ಇನ್ನೊಂದಕ್ಕೆ ಕಾಣದು. ಆದರೆ ಮೊಬೈಲಿನಿಂದ ಕೋಣೆಯ ಟಿವಿಗೆ ವಿಡಿಯೊ ಕಳಿಸುವುದೂ ನಿಲ್ಲುತ್ತದೆ. ಅತಿಥಿಗಳಿಗೆ ಮೊದಲೇ ಹೇಳಿ.

ಸಿಬ್ಬಂದಿಯ ನೆಟ್‌ವರ್ಕಿಗೆ ಭದ್ರತೆಯ ಎಂಟರ್‌ಪ್ರೈಸ್ ಆಯ್ಕೆ ಇದ್ದರೆ ಒಳ್ಳೆಯದು. ಅದಕ್ಕೆ ಲಾಗಿನ್ ಪರಿಶೀಲಿಸುವ ರೇಡಿಯಸ್ ಸರ್ವರ್ ಬೇಕು, ಆದರೆ ಒಬ್ಬೊಬ್ಬರಿಗೂ ಬೇರೆ ಲಾಗಿನ್ ಸಿಗುತ್ತದೆ. ಯಾರಾದರೂ ಕೆಲಸ ಬಿಟ್ಟ ದಿನ ಅವರದೊಂದನ್ನು ಮುಚ್ಚಿದರಾಯಿತು, ಎಲ್ಲರ ಪಾಸ್‌ವರ್ಡ್ ಬದಲಿಸುವ ಗೋಳಿಲ್ಲ.

ಕೊನೆಗೆ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಸೆಟ್ಟಿಂಗ್ಸ್‌ನ ಬ್ಯಾಕಪ್ ತೆಗೆದಿಡಿ. ಆಮೇಲೆ ಆ ಮೂಲೆಯ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮಂಚದ ಮೇಲೆ ಕೂತು ವಿಡಿಯೊ ಕಾಲ್ ಮಾಡಿ. ಆಗಲೂ ತಡವರಿಸಿದರೆ ಆ ಮಹಡಿಗೆ ಇನ್ನೊಂದು ಆಕ್ಸೆಸ್ ಪಾಯಿಂಟ್ ಹಾಕಿಸಿ. ಪವರ್ ಮಾತ್ರ ಮತ್ತೆ ಏರಿಸಬೇಡಿ.