ಫೋನಿಗೆ ಕೊಟ್ಟ ಹಣ ವಸೂಲಾಗುವುದು ಎಲ್ಲಿ?

ಸ್ಮಾರ್ಟ್‌ಫೋನಿಗೆ ಕೊಟ್ಟ ದುಡ್ಡು ಸಾರ್ಥಕವಾಯಿತೇ ಎಂದು ನೋಡಲು ಎರಡು ಅಳತೆಗೋಲುಗಳು ಬಳಕೆಯಲ್ಲಿವೆ. ಒಂದು, ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಅಂಕಿಗಳು: ಪ್ರೊಸೆಸರ್, ರ‍್ಯಾಮ್, ಮೆಗಾಪಿಕ್ಸೆಲ್, ಬ್ಯಾಟರಿಯ ಎಂಎಎಚ್. ಇನ್ನೊಂದು, ದಿನವೂ ಬಳಸುವವರಿಗೆ ಆಗುವ ಅನುಭವ. ಅಂಗಡಿಯಲ್ಲಿ ಮಾತೆಲ್ಲ ಮೊದಲನೆಯದರದ್ದು, ಮನೆಯಲ್ಲಿ ದೂರೆಲ್ಲ ಎರಡನೆಯದರದ್ದು. ‘ಹ್ಯಾಂಗ್ ಆಗುತ್ತೆ’, ‘ಚಾರ್ಜ್ ನಿಲ್ಲಲ್ಲ’, ‘ಸ್ಟೋರೇಜ್ ಫುಲ್ ಅಂತ ಬರುತ್ತೆ’ ಎಂಬ ಮಾತುಗಳು ಶುರುವಾದವೆಂದರೆ ಹೊಸ ಫೋನಿನ ಖರ್ಚು ಹತ್ತಿರವಾಯಿತು ಎಂದೇ ಅರ್ಥ.

ಭಾರತದ ಮಾರುಕಟ್ಟೆಯಲ್ಲಿ ಈ ಎರಡು ಅಳತೆಗಳು ಮುಖಾಮುಖಿಯಾದದ್ದು 2014ರಲ್ಲಿ. ಫೆಬ್ರುವರಿಯಲ್ಲಿ ಮೊಟೊರೊಲಾದ ಮೊಟೊ ಜಿ ಬಂತು. 1 ಜಿಬಿ ರ‍್ಯಾಮ್, 5 ಮೆಗಾಪಿಕ್ಸೆಲ್ ಕ್ಯಾಮೆರಾ, ಸಾಧಾರಣ ಚಿಪ್. 16 ಜಿಬಿ ಮಾದರಿಯ ಬೆಲೆ 13,999 ರೂಪಾಯಿ. ಜುಲೈಯಲ್ಲಿ ಶಿಯೋಮಿಯ ಎಂಐ 3 ಅದೇ 13,999 ರೂಪಾಯಿಗೆ ಸಿಕ್ಕಿತು. ಅದರಲ್ಲಿ 2 ಜಿಬಿ ರ‍್ಯಾಮ್, 13 ಮೆಗಾಪಿಕ್ಸೆಲ್ ಕ್ಯಾಮೆರಾ, ಆ ಕಾಲದ ದುಬಾರಿ ಫೋನುಗಳಲ್ಲಿ ಇರುತ್ತಿದ್ದ ಸ್ನ್ಯಾಪ್‌ಡ್ರ್ಯಾಗನ್ 800 ಚಿಪ್. ಈ ಅಂಕಿಗಳನ್ನು ಕಾಗದದ ಮೇಲೆ ಹೋಲಿಸಿದರೆ ಮೊಟೊ ಜಿ ಗೆಲ್ಲುವ ಅಂಕಣ ಒಂದೂ ಕಾಣುವುದಿಲ್ಲ. ಆದರೂ ಅದನ್ನು ಜನ ಮೆಚ್ಚಿ ಕೊಂಡರು. ಹೆಚ್ಚುವರಿ ಆ್ಯಪ್‌ಗಳ ಹೊರೆಯಿಲ್ಲದ ಆಂಡ್ರಾಯ್ಡ್ ಅಷ್ಟು ಕಡಿಮೆ ರ‍್ಯಾಮಿನಲ್ಲೂ ಸರಾಗವಾಗಿ ಓಡುತ್ತಿತ್ತು. ಎಂಐ 3 ಕೂಡ ಮಾರಾಟಕ್ಕಿಟ್ಟ ಕೂಡಲೇ ಖಾಲಿಯಾಗುತ್ತಿತ್ತು. ಮುಂದಿನ ವರ್ಷಗಳ ಪೈಪೋಟಿ ಎಂಐ 3ರ ದಾರಿಯನ್ನೇ ಹಿಡಿಯಿತು. ‘ಈ ಬೆಲೆಗೆ ಎಷ್ಟು ಸ್ಪೆಕ್ಸ್’ ಎಂಬುದೇ ಕೊಳ್ಳುವವರ ಮೊದಲ ಪ್ರಶ್ನೆಯಾಯಿತು.

ಆ ಅಂಕಿಗಳಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವುದು ಮೆಗಾಪಿಕ್ಸೆಲ್. 108 ಮೆಗಾಪಿಕ್ಸೆಲ್ ಕ್ಯಾಮೆರಾ ಮಾಮೂಲಿಯಾಗಿ ತೆಗೆಯುವುದು 12 ಮೆಗಾಪಿಕ್ಸೆಲ್ ಚಿತ್ರವನ್ನೇ. ಬೆಳಕು ಸಾಲದೆಂದು ಅಕ್ಕಪಕ್ಕದ ಒಂಬತ್ತು ಪಿಕ್ಸೆಲ್‌ಗಳನ್ನು ಕೂಡಿಸಿ ಒಂದಾಗಿಸುತ್ತದೆ. ಗೂಗಲ್ ಕಂಪನಿ 2018ರ ಪಿಕ್ಸೆಲ್ 3ರಿಂದ 2020ರ ಪಿಕ್ಸೆಲ್ 5ರವರೆಗೆ ಮುಖ್ಯ ಕ್ಯಾಮೆರಾದಲ್ಲಿ 12.2 ಮೆಗಾಪಿಕ್ಸೆಲ್ಲಿಗೇ ನಿಂತಿತ್ತು. ಒಂದರ ಹಿಂದೊಂದು ತೆಗೆದ ಹಲವು ಚಿತ್ರಗಳನ್ನು ಬೆಸೆಯುವ ಸಾಫ್ಟ್‌ವೇರಿನ ಬಲದಿಂದಲೇ ಅದರ ರಾತ್ರಿಯ ಚಿತ್ರಗಳು ಹೆಸರಾದವು. ಅಗ್ಗದ ಫೋನುಗಳ ಬೆನ್ನಿಗೆ ಅಂಟಿಸುವ 2 ಮೆಗಾಪಿಕ್ಸೆಲ್ಲಿನ ಮ್ಯಾಕ್ರೊ, ಡೆಪ್ತ್ ಕ್ಯಾಮೆರಾಗಳಂತೂ ಕ್ಯಾಮೆರಾಗಳ ಸಂಖ್ಯೆ ಹೆಚ್ಚಿಸುವುದಕ್ಕಷ್ಟೇ ಇರುವಂಥವು.

ಯಂತ್ರಾಂಶ ನಿಜಕ್ಕೂ ಚೆನ್ನಾಗಿದ್ದೂ ಅದರ ಫಲ ಬಳಸುವವರ ಕೈಗೆ ಬಾರದಿರುವುದೂ ಉಂಟು. 2018ರ ಆಗಸ್ಟ್‌ನಲ್ಲಿ 20,999 ರೂಪಾಯಿಗೆ ಬಂದ ಪೊಕೊ ಎಫ್1 ಇದಕ್ಕೆ ಒಳ್ಳೆಯ ಉದಾಹರಣೆ. ಚಿಪ್ ಆ ವರ್ಷದ ಅತ್ಯುತ್ತಮ ದರ್ಜೆಯದು, ಪರದೆ ಫುಲ್ ಎಚ್‌ಡಿಗಿಂತ ಮೇಲು. ಆದರೆ ವೈಡ್‌ವೈನ್ ಎಂಬ ಹಕ್ಕು ರಕ್ಷಣೆಯ ವ್ಯವಸ್ಥೆಯಲ್ಲಿ ಅದಕ್ಕಿದ್ದದ್ದು ಕೆಳದರ್ಜೆಯ ಮಾನ್ಯತೆ. ಹಾಗಾಗಿ ಆ ಪರದೆಯಲ್ಲಿ ನೆಟ್‌ಫ್ಲಿಕ್ಸ್ ಎಚ್‌ಡಿಯಲ್ಲಿ ಮೂಡುತ್ತಿರಲಿಲ್ಲ. ಮರುವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಬಂದ ಮೇಲೆ ಆ ಕೊರತೆ ನೀಗಿತು. ಫೋನಿನ ಒಳಗಿನ ಬಿಡಿಭಾಗ ಒಂದೂ ಬದಲಾಗಿರಲಿಲ್ಲ.

5ಜಿಯ ಕಥೆಯೂ ಇಂಥದ್ದೇ. ಭಾರತದಲ್ಲಿ 5ಜಿ ಫೋನುಗಳ ಮಾರಾಟ 2020ರಲ್ಲೇ ಶುರುವಾಯಿತು, ಸೇವೆ ಆರಂಭವಾದದ್ದು 2022ರ ಅಕ್ಟೋಬರ್ 1ರಂದು. ನಡುವೆ 5ಜಿ ಎಂಬ ಹೆಸರಿಗಾಗಿಯೇ ಹೆಚ್ಚು ಕೊಟ್ಟವರು ಇಲ್ಲದ ಸೇವೆಗೆ ಹಣ ತೆತ್ತಂತಾಯಿತು.

ಇನ್ನು ಯಾವ ಪಟ್ಟಿಯಲ್ಲೂ ಕಾಣದ, ಕನ್ನಡಿಗರಿಗೆ ಮಾತ್ರ ಗೊತ್ತಿದ್ದ ಒಂದು ಕಷ್ಟವಿತ್ತು. 2012ರ ಆಂಡ್ರಾಯ್ಡ್ ಜೆಲ್ಲಿ ಬೀನ್ ಆವೃತ್ತಿಯಲ್ಲಿ ಕನ್ನಡ ಅಕ್ಷರಗಳಿಗೆ ಬೆಂಬಲ ಸೇರುವ ಮುಂಚೆ, ಎಷ್ಟೋ ದುಬಾರಿ ಫೋನುಗಳಲ್ಲಿ ಕನ್ನಡದ ಸಂದೇಶ ಬರೀ ಚೌಕಗಳಾಗಿ ಕಾಣಿಸುತ್ತಿತ್ತು. ಅಂಥ ಫೋನು ಕನ್ನಡವೊಂದನ್ನೇ ಓದುವವರ ಪಾಲಿಗೆ ಕರೆ ಮಾಡುವ ಯಂತ್ರವಷ್ಟೇ ಆಗಿತ್ತು.

ಹಾಗೆಂದು ಅಂಕಿಗಳೆಲ್ಲ ವ್ಯರ್ಥವಲ್ಲ. ಅನುಭವ ಗಾಳಿಯಿಂದ ಹುಟ್ಟುವುದಿಲ್ಲ. ಅದನ್ನು ನಿರ್ಧರಿಸುವ ಕೆಲವು ಅಂಕಿಗಳಿವೆ, ಅವು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವುದು ಕಡಿಮೆ. ಮೊದಲನೆಯದು ಸ್ಟೋರೇಜ್‌ನ ಬಗೆ. 128 ಜಿಬಿ ಎಂಬುದು ಜಾಗದ ಅಳತೆ, ವೇಗದ್ದಲ್ಲ. ಹಳೆಯ ಇಎಂಎಂಸಿ 5.1 ಸೆಕೆಂಡಿಗೆ ಸುಮಾರು 300 ಎಂಬಿ ಓದಬಲ್ಲದಾದರೆ ಯುಎಫ್‌ಎಸ್ 2.2 ಅದರ ಮೂರು ಪಟ್ಟಿಗೂ ಹೆಚ್ಚು ಓದುತ್ತದೆ. ಆ್ಯಪ್ ತೆರೆಯುವುದು, ಚಿತ್ರಗಳು ಮೂಡುವುದು, ಅಪ್‌ಡೇಟ್ ಕೂರುವುದು ಎಲ್ಲವೂ ಇದರ ಮೇಲೆ ನಿಂತಿವೆ. ‘8+8 ಜಿಬಿ ರ‍್ಯಾಮ್’ ಎಂಬಲ್ಲಿ ಎರಡನೆಯ 8 ರ‍್ಯಾಮೇ ಅಲ್ಲ, ಸ್ಟೋರೇಜ್‌ನಿಂದ ಎರವಲು ಪಡೆದ ಜಾಗ. ಸ್ಟೋರೇಜ್ ನಿಧಾನವಿದ್ದರೆ ಆ ಎರವಲಿನಿಂದ ಬರುವ ಲಾಭ ಅತ್ಯಲ್ಪ.

ಈ ಅಂಕಣ ಬರೆಯುವವರ ಮನೆಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಂಡಿದೆ. ಹೆಚ್ಚುಕಡಿಮೆ ಒಂದೇ ಬೆಲೆಯ ಎರಡು ಫೋನುಗಳು ಒಟ್ಟೊಟ್ಟಿಗೆ ಬಳಕೆಯಲ್ಲಿದ್ದವು. ರ‍್ಯಾಮ್ ಹೆಚ್ಚಿದ್ದ ಫೋನಿನಲ್ಲಿ ಸ್ಟೋರೇಜ್ ಇಎಂಎಂಸಿ. ಜೊತೆಗೆ ಗ್ಯಾಲರಿ, ಫೈಲ್ ಮ್ಯಾನೇಜರ್ ತೆರೆದರೂ ಜಾಹೀರಾತು. ತರಕಾರಿ ಅಂಗಡಿಯ ಮುಂದೆ ಯುಪಿಐ ಆ್ಯಪ್ ತೆರೆದುಕೊಳ್ಳಲೆಂದು ಕಾಯುವುದು ಅದರಲ್ಲಿ ನಿತ್ಯದ ಪಾಡಾಗಿತ್ತು. ಮನೆಯ ಹಿರಿಯರು ಬಳಸುತ್ತಿದ್ದ, ರ‍್ಯಾಮ್ ಕಡಿಮೆಯಿದ್ದ ಇನ್ನೊಂದು ಫೋನು ಬ್ಯಾಟರಿ ಬದಲಾಯಿಸಿಕೊಂಡು ಈಗಲೂ ಕೆಲಸ ಮಾಡುತ್ತಿದೆ. ಅದರ ಪೆಟ್ಟಿಗೆಯ ಮೇಲೆ ಹೇಳಿಕೊಳ್ಳುವಂಥ ಅಂಕಿ ಒಂದೂ ಇರಲಿಲ್ಲ.

ಎರಡನೆಯ ಮುಖ್ಯ ಅಂಕಿ, ಬ್ಯಾಟರಿ ಎಷ್ಟು ಬಾರಿಯ ಚಾರ್ಜ್ ತಾಳುತ್ತದೆ ಎಂಬುದು. ಐಫೋನ್ 14ರವರೆಗಿನ ಫೋನುಗಳಿಗೆ 500 ಸಲ ಪೂರ್ತಿ ಚಾರ್ಜ್ ಆದಮೇಲೂ, 15ರಿಂದಾಚೆಗಿನವಕ್ಕೆ 1000 ಸಲದ ಮೇಲೂ ಶೇಕಡಾ 80 ಸಾಮರ್ಥ್ಯ ಉಳಿಯುವಂತೆ ರೂಪಿಸಲಾಗಿದೆ ಎಂದು ಆ್ಯಪಲ್ ಹೇಳುತ್ತದೆ. 5000 ಎಂಎಎಚ್ ಎಂದಷ್ಟೇ ಬರೆದರೆ ಈ ಬಾಳಿಕೆ ತಿಳಿಯುವುದಿಲ್ಲ. ಮೂರನೆಯದು ಅಪ್‌ಡೇಟ್‌ಗಳ ಅವಧಿ. ಸುರಕ್ಷತೆಯ ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಬಳಸುವುದು ಅಪಾಯ. ಗೂಗಲ್ 2023ರ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷಗಳ ಭರವಸೆ ಕೊಟ್ಟಿವೆ. ಅದೇ ವರ್ಷ 18,999 ರೂಪಾಯಿಯಿಂದ ಶುರುವಾದ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷಗಳ ಭರವಸೆ ಸಿಕ್ಕಿತು. ಮಧ್ಯಮ ವರ್ಗದ ಜೇಬಿನ ಮಟ್ಟಿಗೆ ಮಹತ್ವದ ಸುದ್ದಿ ಅದು.

ಅವಧಿ ಏಕೆ ಮುಖ್ಯವೆಂಬುದು ತಿಂಗಳ ಲೆಕ್ಕ ಹಾಕಿದಾಗ ಸ್ಪಷ್ಟವಾಗುತ್ತದೆ. 15,000 ರೂಪಾಯಿಯ ಫೋನು ಎರಡು ವರ್ಷಕ್ಕೆ ಮೂಲೆ ಸೇರಿದರೆ ತಿಂಗಳಿಗೆ 625 ರೂಪಾಯಿ ಖರ್ಚಾದಂತೆ. 26,000 ರೂಪಾಯಿಯ ಫೋನಿಗೆ ನಡುವೆ 2,500 ಕೊಟ್ಟು ಬ್ಯಾಟರಿ ಹಾಕಿಸಿ ಐದು ವರ್ಷ ಬಳಸಿದರೆ ತಿಂಗಳಿಗೆ ಬೀಳುವುದು 475. ಕೊಳ್ಳುವಾಗ ದುಬಾರಿ ಎನಿಸಿದ್ದೇ ಬಳಕೆಯಲ್ಲಿ ಅಗ್ಗವಾಗುತ್ತದೆ. ಶೇಕಡಾ 18 ಜಿಎಸ್‌ಟಿಯೂ ಪ್ರತಿ ಹೊಸ ಫೋನಿನೊಂದಿಗೆ ಮತ್ತೆ ತೆರಬೇಕಾದದ್ದು ಎಂಬುದನ್ನು ಮರೆಯಬಾರದು. ಗೇಮ್ ಆಡುವವರು, ವಿಡಿಯೊ ಎಡಿಟ್ ಮಾಡಿ ಸಂಪಾದಿಸುವವರು ಇದಕ್ಕೆ ಹೊರತು; ಅವರಿಗೆ ಚಿಪ್ಪಿನ ಶಕ್ತಿಯೇ ಅನುಭವ, ಅದಕ್ಕೆ ಕೊಡುವ ಹೆಚ್ಚಿನ ಹಣ ನ್ಯಾಯವಾದದ್ದೇ. ಉಳಿದ ಬಹುತೇಕರಿಗೆ ಹಣ ವಸೂಲಾಗುವುದು ಫೋನು ಕಿರಿಕಿರಿಯಿಲ್ಲದೆ ನಡೆಯುವ ತಿಂಗಳುಗಳಲ್ಲಿ.

ಕೊಳ್ಳುವವರಿಗೆ ಈ ಮಾಹಿತಿ ಅಂಗಡಿಯಲ್ಲೇ ಸಿಗುವಂತೆ ಮಾಡಲು ಸಾಧ್ಯವಿದೆ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಹೊಸ ಫೋನುಗಳಿಗೆ ಬ್ಯಾಟರಿಯ ಬಾಳಿಕೆ, ಬಿದ್ದರೆ ತಾಳುವ ಶಕ್ತಿ, ರಿಪೇರಿಯ ಸುಲಭತೆ ತಿಳಿಸುವ ಲೇಬಲ್ ಕಡ್ಡಾಯ. 800 ಚಾರ್ಜ್ ನಂತರವೂ ಬ್ಯಾಟರಿ ಶೇಕಡಾ 80 ಸಾಮರ್ಥ್ಯ ಉಳಿಸಿಕೊಂಡಿರಬೇಕು. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ನೇಮಿಸಿದ ಸಮಿತಿ ರಿಪೇರಿ ಸೂಚ್ಯಂಕದ ಬಗ್ಗೆ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿದೆ. ಆ ಸೂಚ್ಯಂಕ ಕಡ್ಡಾಯವಾಗಬೇಕು. ಔಷಧಿಯ ಪೊಟ್ಟಣದ ಮೇಲಿನ ಅವಧಿಯಂತೆ ಅಪ್‌ಡೇಟ್ ಮುಗಿಯುವ ತಿಂಗಳು, ವರ್ಷ ಪ್ರತಿ ಪೆಟ್ಟಿಗೆಯ ಮೇಲೂ ಅಚ್ಚಾಗಬೇಕು. ಅಲ್ಲಿಯವರೆಗೆ ಫೋನು ಕೊಳ್ಳುವವರು ಅಪ್‌ಡೇಟ್ ಎಂದಿನವರೆಗೆ, ಸ್ಟೋರೇಜ್ ಯಾವ ಬಗೆಯದು, ಬ್ಯಾಟರಿ ಬದಲಾಯಿಸಲು ಎಷ್ಟಾಗುತ್ತದೆ ಎಂದು ಬಿಲ್ ಹಾಕಿಸುವ ಮೊದಲೇ ಕೇಳಿ ತಿಳಿಯಬೇಕು.