ನೆನೆದ ಫೋನಿಗೆ ಅಕ್ಕಿ ಡಬ್ಬಿ ಬೇಡ

ಕೋಪರಖೈರಣೆ ಸ್ಟೇಷನ್ನಿನಿಂದ ಮನೆ ಸೇರುವಷ್ಟರಲ್ಲಿ ಮಳೆಗೆ ನೆನೆದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ ಎಂದಿದ್ದೀರಿ. ದಯವಿಟ್ಟು ಈಗಲೇ ಹೊರತೆಗೆಯಿರಿ. ಅಕ್ಕಿಯ ಪುಡಿ ಚಾರ್ಜಿಂಗ್ ಕಿಂಡಿಗೆ ಸೇರಬಹುದು. ಆಪಲ್ ಕಂಪನಿಯೂ ಫೋನನ್ನು ಅಕ್ಕಿಯಲ್ಲಿಡುವುದು ಬೇಡವೆಂದೇ ಹೇಳುತ್ತದೆ.

ಫೋನ್ ಆಫ್ ಮಾಡಿ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿಕೊಳ್ಳಿ. ಆಗ ಬ್ಯಾಂಕಿನ ಒಟಿಪಿ ತಪ್ಪುವುದಿಲ್ಲ. ಕಿಂಡಿಯನ್ನು ಕೆಳಮುಖವಾಗಿ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಗಿಡಿ. ಹೇರ್ ಡ್ರೈಯರ್ ಬೇಡ. ಪೂರ್ತಿ ಒಣಗುವ ತನಕ ಚಾರ್ಜಿಗೆ ಹಾಕಲೇಬೇಡಿ. ಒದ್ದೆಯಿದ್ದಾಗ ಕರೆಂಟ್ ಹರಿದರೆ ಒಳಗಿನ ಬೋರ್ಡ್ ತುಕ್ಕು ಹಿಡಿದು ಹಾಳಾಗಬಹುದು.

ಖಾಡಿಯ (ಕಡಲ ಹಿನ್ನೀರಿನ) ಉಪ್ಪುನೀರು ತಗುಲಿದ್ದರೆ ಕಾಯದೆ ಅಂದೇ ರಿಪೇರಿಯವರಲ್ಲಿ ಬಿಚ್ಚಿಸಿ ಶುಚಿ ಮಾಡಿಸಿ. ಫೋನಿಗೆ ಐಪಿ68 ಜಲನಿರೋಧಕ ದರ್ಜೆ ಇದೆಯೆಂದು ನಂಬಿ ಕೂರಬೇಡಿ, ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಫೋನ್ ಆನ್ ಆದರೆ ಮೊದಲು ಫೋಟೋಗಳನ್ನು ಬ್ಯಾಕಪ್ ಮಾಡಿಕೊಳ್ಳಿ.