ಕಿಟಕಿಯ ಬೆಳಕು, ಗೋಡೆಯ ಬಣ್ಣ: ಒಂದು ಪಾಠ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಶಾಲೆಯ ಹಳೆಯ ಕೊಠಡಿಯ ಚಿತ್ರವೊಂದು ಇರಬೇಕೆಂಬುದು ಹಳೆಯ ವಿದ್ಯಾರ್ಥಿಗಳೆಲ್ಲರ ಅಪೇಕ್ಷೆಯಾಗಿತ್ತು. ಕಟ್ಟಡವನ್ನು ಕೆಡಹುವ ಮುನ್ನ ಅವರಲ್ಲೊಬ್ಬನು ಅದನ್ನು ತೆಗೆದುಕೊಟ್ಟನು. ಒಳಗೆ ಕೆಮ್ಮಣ್ಣು ಬಳಿದ ಗೋಡೆ, ಕಿಟಕಿಯಾಚೆ ನಡುಹಗಲಿನ ಬಿಸಿಲಲ್ಲಿ ನಿಂತ ಬೇವಿನ ಮರ. ಅದನ್ನು ಅಚ್ಚಿಗೆ ಅಣಿಗೊಳಿಸಲು ಹೋಗಿ ನಾನು ಕೆಡಿಸಿದೆನು. ಗೋಡೆ ಪೇಲವವಾಯಿತು, ಮರ ಮಾಯವಾಗಿ ಕಿಟಕಿ ಬರಿಯ ಬಿಳಿ ಕಾಗದದಂತಾಯಿತು. ಅಷ್ಟೇ ಅಲ್ಲದೆ, ಕೆಟ್ಟ ಚಿತ್ರವನ್ನು ಮೂಲದ ಮೇಲೆಯೇ ಉಳಿಸಿಬಿಟ್ಟಿದ್ದೆನು. ಕೊಠಡಿಯಾದರೋ ಆಗಲೇ ನೆಲಸಮವಾಗಿತ್ತು. ಪುಣ್ಯಕ್ಕೆ ಅವನ ಬಳಿ ಇನ್ನೊಂದು ಪ್ರತಿ ಇದ್ದಿತು. ತಪ್ಪು ಎಲ್ಲಿ ಆಯಿತೆಂಬುದನ್ನು ಅವನೇ ನನಗೆ ಕಲಿಸಿದನು. ಆ ಪಾಠವನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಬೆಳಕಿನ ಹರವು

ಕೊಠಡಿಯ ನೆರಳಿಗೂ ಹೊರಗಿನ ಬಿಸಿಲಿಗೂ ನೂರಾರು ಪಟ್ಟು ಅಂತರವಿರುತ್ತದೆ. ಒಂದೇ ಬಾರಿ ತೆಗೆದ ಚಿತ್ರದಲ್ಲಿ ಒಳಗನ್ನು ಹಿಡಿದರೆ ಹೊರಗು ಬಿಳುಪಾಗುತ್ತದೆ, ಹೊರಗನ್ನು ಹಿಡಿದರೆ ಒಳಗು ಕಪ್ಪಾಗುತ್ತದೆ. ಆದಕಾರಣ ಅವನು ಕ್ಯಾಮೆರಾವನ್ನು ಅಲುಗಿಸದೆ ಒಂದು ಸೆಕೆಂಡಿನ 1/15, 1/125, 1/1000 ಭಾಗಗಳಲ್ಲಿ ಮೂರು ಚಿತ್ರಗಳನ್ನು ತೆಗೆದನು. ಒಂದಕ್ಕಿಂತ ಮುಂದಿನದರಲ್ಲಿ ಬೆಳಕು ಸುಮಾರು ಎಂಟರಲ್ಲಿ ಒಂದು ಪಾಲು. ಮೂರನ್ನೂ ಕೂಡಿಸಿ ನಿಜವಾದ ಬೆಳಕಿನ ಪ್ರಮಾಣವನ್ನು ಲೆಕ್ಕಹಾಕುವ ವಿಧಾನವೊಂದನ್ನು ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಅವರು 1997ರಲ್ಲಿ ಪ್ರಕಟಿಸಿದರು. ಹೀಗೆ ಸಿದ್ಧವಾದ ಚಿತ್ರವನ್ನು ಎಚ್‌ಡಿಆರ್ ಚಿತ್ರವೆನ್ನುತ್ತಾರೆ.

ಸಾಮಾನ್ಯ ಚಿತ್ರದಲ್ಲಿ ಕೆಂಪು, ಹಸಿರು, ನೀಲಿಗಳಿಗೆ ಒಂದೊಂದಕ್ಕೆ 0ಯಿಂದ 255ರವರೆಗೆ ಮಾತ್ರ ಸ್ಥಾನ. ಎಚ್‌ಡಿಆರ್ ಚಿತ್ರಕ್ಕೆ ಇದು ಸಾಲದು. ಗ್ರೆಗ್ ವಾರ್ಡ್ ಅವರು ತಮ್ಮ ರೇಡಿಯನ್ಸ್ ತಂತ್ರಾಂಶಕ್ಕಾಗಿ ರೂಪಿಸಿದ ಆರ್‌ಜಿಬಿಇ ಕ್ರಮದಲ್ಲಿ ನಾಲ್ಕನೆಯ ಸಂಖ್ಯೆಯೊಂದು ಮೂರು ಬಣ್ಣಗಳಿಗೂ ಸಮಾನ ಘಾತಾಂಕವಾಗಿರುತ್ತದೆ. ಬಿಸಿಲಿನಲ್ಲಿರುವ ಎಲೆಯ ಬೆಳಕು 8, 20, 4 ಎಂದಿರಲಿ. ಎಲ್ಲಕ್ಕೂ ದೊಡ್ಡದಾದ 20ನ್ನು 1ಕ್ಕಿಂತ ಕೆಳಗೆ ತರಲು 32ರಿಂದ, ಅಂದರೆ 2ರ 5ನೆಯ ಘಾತದಿಂದ, ಭಾಗಿಸಬೇಕು. ಮೂರನ್ನೂ ಹಾಗೆ ಭಾಗಿಸಿ 256ರಿಂದ ಗುಣಿಸಿದರೆ 64, 160, 32. ನಾಲ್ಕನೆಯದು 5ಕ್ಕೆ 128 ಕೂಡಿಸಿ 133. ನನಗೆ ಬಂದದ್ದು ಇಂಥದೇ ಕಡತ.

ಅಂಕಿ ಒಂದೇ, ಅರ್ಥ ಬೇರೆ

ಗಡಿನಾಡಿನ ನಮಗೆ ಮುಂದಿನ ಮಾತು ಸುಲಭವಾಗಿ ತಿಳಿಯುತ್ತದೆ. ‘ಅವಸರ’ ಎಂದರೆ ಕನ್ನಡಿಗನಿಗೆ ಆತುರ, ನೆರೆಮನೆಯ ತೆಲುಗರಿಗೆ ಅಗತ್ಯ. ಪದ ಒಂದೇ, ಯಾವ ಭಾಷೆಯದೆಂದು ತಿಳಿಯದೆ ಅರ್ಥ ಮಾಡಲಾಗದು. ಬಣ್ಣದ ಅಂಕಿಗಳೂ ಹಾಗೆಯೇ. 1999ರಲ್ಲಿ ಮಾನಕವಾದ ಎಸ್‌ಆರ್‌ಜಿಬಿ ಕ್ರಮದ ಕೆಂಪು ಬೇರೆ, 2012ರ ಬಿಟಿ 2020 ಕ್ರಮದ ಇನ್ನೂ ಗಾಢವಾದ ಕೆಂಪು ಬೇರೆ. ಇವೆರಡರ ನಡುವೆ ದುಭಾಷಿಯಾಗಿ ನಿಲ್ಲುವುದು 1931ರಲ್ಲಿ ಸಿಐಇ ಎಂಬ ಅಂತರರಾಷ್ಟ್ರೀಯ ಆಯೋಗವು ನಿಗದಿಪಡಿಸಿದ ಎಕ್ಸ್‌ವೈಜೆಡ್ ಎಂಬ ಅಳತೆ.

ನಮ್ಮ ಚಿತ್ರ ಬಿಟಿ 2020 ಕ್ರಮದಲ್ಲಿತ್ತು. ಅದನ್ನು ಕಡತದ ತಲೆಬರಹದಲ್ಲಿ ಬರೆದೂ ಇತ್ತು. ನಾನು ಬಳಸಿದ ತಂತ್ರಾಂಶ ಅದನ್ನು ಓದಲಿಲ್ಲ, ನಾನೂ ಓದಲಿಲ್ಲ.

ಲೆಕ್ಕ

ಗೋಡೆಯ ಒಂದು ಬಿಂದುವಿನ ಬೆಳಕು 0.384, 0.220, 0.115 ಎಂದಿರಲಿ. ಎಸ್‌ಆರ್‌ಜಿಬಿಯ ಕೆಂಪನ್ನು ಪಡೆಯಲು ಮೊದಲನೆಯದನ್ನು 1.6605ರಿಂದ ಗುಣಿಸಿ, ಎರಡನೆಯದರ 0.5876 ಪಟ್ಟನ್ನೂ ಮೂರನೆಯದರ 0.0728 ಪಟ್ಟನ್ನೂ ಕಳೆಯಬೇಕು. ಉತ್ತರ 0.50. ಇದೇ ಬಗೆಯ ಇನ್ನೆರಡು ಸಾಲುಗಳಿಂದ ಹಸಿರು 0.20, ನೀಲಿ 0.10 ಬರುತ್ತವೆ. ನಾನು ಲೆಕ್ಕ ಮಾಡದೆ 0.384ನ್ನೇ 0.50ರ ಜಾಗದಲ್ಲಿ ಇರಿಸಿದ್ದೆನು. ಕೆಮ್ಮಣ್ಣು ಮಂಕಾದದ್ದು ಇದರಿಂದಲೇ.

ಉತ್ತರ ಸರಿಯೇ ಎಂದು ತಾಳೆ ನೋಡಬಹುದು. ಬಣ್ಣ ಯಾವ ಕ್ರಮದಲ್ಲಿದ್ದರೂ ಒಟ್ಟು ಪ್ರಕಾಶ ಬದಲಾಗಬಾರದು. ಬಿಟಿ 2020ರಲ್ಲಿ ಅದು ಕೆಂಪಿನ 0.2627, ಹಸಿರಿನ 0.6780, ನೀಲಿಯ 0.0593 ಪಾಲುಗಳ ಮೊತ್ತ, ಎಸ್‌ಆರ್‌ಜಿಬಿಯಲ್ಲಿ 0.2126, 0.7152, 0.0722 ಪಾಲುಗಳ ಮೊತ್ತ. ಎರಡೂ ಕಡೆ 0.257 ಬರುತ್ತದೆ. ಕಾಗದ ಪೆನ್ಸಿಲು ಹಿಡಿದು ಮಾಡಿ ನೋಡಿರಿ.

ಕ್ರಮ ತಪ್ಪಬಾರದು

ಈ ಗುಣಾಕಾರ ನಿಜವಾದ ಬೆಳಕಿನ ಅಂಕಿಗಳಿಗೆ ಮಾತ್ರ ಸಲ್ಲುತ್ತದೆ. ಸಾಮಾನ್ಯ ಚಿತ್ರದ 128 ಎಂಬುದು 255ರ ಅರ್ಧವೆಂದು ತೋರಿದರೂ ಅದು ಸೂಚಿಸುವ ಬೆಳಕು ಶೇಕಡಾ 21.6 ಮಾತ್ರ, ಕಣ್ಣಿನ ಸ್ವಭಾವಕ್ಕೆ ಹೊಂದುವಂತೆ ಅಂಕಿಯನ್ನು ಬಾಗಿಸಿರುತ್ತಾರೆ. ಆದುದರಿಂದ ಮೊದಲು ಆ ಬಾಗನ್ನು ನೇರ್ಪಡಿಸಬೇಕು, ಎರಡನೆಯದಾಗಿ ಬಣ್ಣವನ್ನು ಪರಿವರ್ತಿಸಬೇಕು, ಮೂರನೆಯದಾಗಿ ಬೆಳಕಿನ ಹರವನ್ನು ಕುಗ್ಗಿಸಬೇಕು, ಕೊನೆಗೆ ಮತ್ತೆ ಬಾಗಿಸಿ ಉಳಿಸಬೇಕು. ರೇಡಿಯನ್ಸ್ ಕಡತದಲ್ಲಿ ಅಂಕಿಗಳು ನೇರವಾಗಿಯೇ ಇರುವುದರಿಂದ ಮೊದಲ ಹೆಜ್ಜೆ ಬೇಡ.

ನನ್ನ ಎರಡನೆಯ ತಪ್ಪು ಹರವು ಕುಗ್ಗಿಸದೆ ಉಳಿಸಿದ್ದು. ಆಗ 1ಕ್ಕೆ ಮೀರಿದ್ದೆಲ್ಲ 1 ಆಯಿತು. 8, 20, 4 ಎಂಬ ಹಸಿರೆಲೆ 1, 1, 1 ಎಂಬ ಬಿಳುಪಾಯಿತು. ಕುಗ್ಗಿಸುವ ಸರಳ ಸೂತ್ರವೊಂದನ್ನು ರೀನ್‌ಹಾರ್ಡ್ ಮತ್ತು ಸಂಗಡಿಗರು 2002ರಲ್ಲಿ ಕೊಟ್ಟರು: ಪ್ರಕಾಶವನ್ನು, ಅದಕ್ಕೆ 1 ಕೂಡಿಸಿದ ಮೊತ್ತದಿಂದ ಭಾಗಿಸುವುದು. 0.257 ಇದ್ದುದು 0.204 ಆಗುತ್ತದೆ, 20 ಇದ್ದುದು 0.95 ಆಗುತ್ತದೆ. ಗೋಡೆ ಹೆಚ್ಚು ಬದಲಾಗದು. ಕಿಟಕಿಯ ಬೆಳಕೂ 1ರೊಳಗೆ ನಿಲ್ಲುವುದು. ಮೂರು ಬಣ್ಣಗಳ ಪರಸ್ಪರ ಪ್ರಮಾಣವನ್ನು ಕಾಪಾಡಿಕೊಂಡರೆ ಎಲೆ ಹಸಿರಾಗಿಯೇ ಉಳಿಯುತ್ತದೆ.

ಇನ್ನೊಂದು ಎಚ್ಚರ. ಬಿಟಿ 2020ರ ಅಪ್ಪಟ ಹಸಿರನ್ನು ಎಸ್‌ಆರ್‌ಜಿಬಿಗೆ ತಂದರೆ ಕೆಂಪು ‘ಋಣ 0.5876’ ಎಂದು ಬರುತ್ತದೆ. ಅಂದರೆ ಆ ಬಣ್ಣಕ್ಕೆ ಅಲ್ಲಿ ಸ್ಥಳವಿಲ್ಲ. ಆರ್‌ಜಿಬಿಇ ಕಡತ ಋಣ ಸಂಖ್ಯೆಗಳನ್ನು ಹಿಡಿಯಲಾರದು; 2003ರಲ್ಲಿ ಬಿಡುಗಡೆಯಾದ ಓಪನ್‌ಇಎಕ್ಸ್‌ಆರ್ ಹಿಡಿಯಬಲ್ಲದು. ಕಿರಿದಾದ ಕ್ರಮಕ್ಕೆ ಇಳಿಸಿ ಕಳೆದುಕೊಂಡದ್ದು ಮತ್ತೆ ಹಿರಿದಾದ ಕ್ರಮಕ್ಕೆ ಏರಿಸಿದರೆ ಮರಳಿ ಬರುವುದಿಲ್ಲ.

ಈ ಸಂಚಿಕೆಯ ಚಿತ್ರದಲ್ಲಿ ಗೋಡೆ ಕೆಂಪಾಗಿಯೂ ಬೇವು ಹಸಿರಾಗಿಯೂ ಕಂಡರೆ ಅದರ ಶ್ರೇಯ ನನ್ನ ಶಿಷ್ಯನದು. ಆದರೂ ಇದು ಅಚ್ಚಿನ ಮಸಿಗೆ ಇಳಿಸಿದ ನಕಲು ಮಾತ್ರ. ಮೂಲವನ್ನು ಮುಟ್ಟದೆ, ತಲೆಬರಹ ಸಹಿತ ಎರಡು ಕಡೆ ಇರಿಸಿದ್ದೇವೆ. ನಿಮ್ಮ ಮನೆಯ ಹಳೆಯ ಚಿತ್ರಗಳನ್ನು ಗಣಕಯಂತ್ರಕ್ಕೆ ಏರಿಸುವಾಗಲೂ ಹಾಗೆಯೇ ಮಾಡಿರಿ: ತಿದ್ದುವುದು ನಕಲಿನಲ್ಲಿರಲಿ, ಮೂಲ ಮೂಲವಾಗಿಯೇ ಇರಲಿ. ಆ ಕೊಠಡಿಯನ್ನು ಮತ್ತೆ ಕಟ್ಟಿ ಇನ್ನೊಂದು ಚಿತ್ರ ತೆಗೆಯಲು ನಮ್ಮಿಂದಾಗದು.